ಕರಿಕಿವಿ ಟಗರಿನ ಚಂದಾ

ಬಿಟ್ಟಿ ದುಡಿಯೋದಿಲ್ಲ ಅಂತ ಕಟ್ಟಿಕೊಂಡ ನಮ್ಮ ಸಂಘಕ್ಕೆ ನಿಜಾಮರ ಸರ್ಕಾರದ ಪರವಾನಗಿ ಇರಲಿಲ್ಲ. ಆದರೂ ಯಾರು ಕೇಳಿದರೂ ಲೆಕ್ಕ ಓದಿ ಹೇಳಬೇಕು ಅಂತ ನಾವೇ ಕಟ್ಟಳೆ ಮಾಡಿಕೊಂಡಿದ್ದೆವು. ಕುರುಬರು ಚಂದಾ ಅಂತ ಉಣ್ಣೆ ಕೊಡುತ್ತಿದ್ದರು. ಲೆಕ್ಕ ಬರೆಯುವ ನಾನು ಪೊಲೀಸರ ಹೆದರಿಕೆಯಿಂದ, ಕೊಟ್ಟವರ ಹೆಸರು ಬಿಟ್ಟು ಅವರ ಕುರಿಯ ಹೆಸರು ಬರೆಯುತ್ತಿದ್ದೆ.

ಬಶೀರಾಬಾದ್ ಹತ್ತಿರದ ಹಳ್ಳಿಯಲ್ಲಿ ಲೆಕ್ಕ ಓದುವಾಗ, ಹಿಂದೆ ಕಂಬಳಿ ಹೊದ್ದು ಕೂತಿದ್ದವನೊಬ್ಬ ಎದ್ದ. ಪಟ್ಟಣದ ಪೊಲೀಸ್ ಜಮಾದಾರ.

"ಕರಿಕಿವಿ ಟಗರು ಯಾರ್ದು?"

"ಗೊತ್ತಿಲ್ರಿ ಸಾಹೇಬ್ರ," ಅಂದೆ.

"ನಿನಗ ಗೊತ್ತಿಲ್ಲಂದ್ರ ಟಗರಿಗಿ ಗೊತ್ತದ. ಸಂಜಿಗಿ ಯಾರ ಮನಿಗಿ ಹೋಗ್ತದ ನೋಡ್ತೀನಿ."

ಹೊತ್ತಿಳಿದಾಗ ಟಗರು ಮುಂದೆ, ಜಮಾದಾರ ಹಿಂದೆ, ಅವನ ಹಿಂದೆ ನಾನು. ಅದನ್ನು ಸಾಕಿದ ಮಲ್ಲಪ್ಪನ ಮನೆ ಮುಂದೆ ಅದು ನಿಂತೇಬಿಟ್ಟಿತು. ಒಳಗೆ ಕೂಸು ಅಳುತ್ತಿತ್ತು. ಟಗರು ಬಾಗಿಲು ಮೂಸಿ, ಊರು ದಾಟಿ, ಪಟೇಲರ ಹೊಲಕ್ಕೆ ಹೋಗಿ ಮಲಗಿತು. ಗೊಬ್ಬರಕ್ಕೆಂದು ಆ ವಾರ ಊರ ಕುರಿಗಳನ್ನೆಲ್ಲ ರಾತ್ರಿ ಅಲ್ಲೇ ತರುಬಿ ಮಲಗಿಸುತ್ತಿದ್ದರು. ಜಮಾದಾರನಿಗೆ ಅದು ತಿಳಿಯದು, ನಾನೂ ಹೇಳಲಿಲ್ಲ.

ನಮ್ಮನ್ನು ಬಿಟ್ಟಿ ದುಡಿಸುತ್ತಿದ್ದವರು ಅದೇ ಪಟೇಲರು. ಜಮಾದಾರ ಹೊಲ ಯಾರದೆಂದು ಕೇಳಿ ಬರೆದುಕೊಂಡು ಹಿಂದಿರುಗಿದ.

ಸರ್ಕಾರದ ತನಿಖೆ ಪ್ರಕಾರ ನಮ್ಮ ಸಂಘದ ದಾನಿ ಪಟೇಲರೇ. ರಸೀದಿ ಮಾತ್ರ ಅವರು ಕೊನೆವರೆಗೂ ಕೇಳಲಿಲ್ಲ.