ಹಾಡಿದ್ದೋ, ಆಡಿದ್ದೋ

ನಮ್ಮ ಮನೆಯಲ್ಲಿ ಹಾಲಿಗೆ ಆಲು ಅನ್ನುತ್ತಿದ್ದೆವು. ಹೂವಿಗೆ ಊವು, ಹೋಗು ಅನ್ನುವುದಕ್ಕೆ ಓಗು. ಹಾಡುವುದಕ್ಕೂ ಆಡುವುದಕ್ಕೂ ಒಂದೇ ಮಾತು, ಆಡು. ಯಾವುದು ಯಾವುದೆಂದು ಸಂದರ್ಭ ನೋಡಿ ತಿಳಿದುಕೊಳ್ಳುತ್ತಿದ್ದೆವು, ಯಾರಿಗೂ ಯಾವತ್ತೂ ಗೊಂದಲವಾಗಿರಲಿಲ್ಲ. ಬರೆಯುವಾಗ ನಾನು ಸರಿಯಾಗಿಯೇ ಹ ಬರೆಯುತ್ತಿದ್ದೆ, ಕನ್ನಡದಲ್ಲಿ ಇಡೀ ಶಾಲೆಗೆ ನನ್ನದೇ ಹೆಚ್ಚಿನ ಅಂಕ. ನಾಲಿಗೆಯ ಮೇಲೆ ಅದು ಇಲ್ಲವೆಂದು ನನಗೆ ಹತ್ತೊಂಬತ್ತು ತುಂಬುವವರೆಗೆ ಯಾರೂ ಹೇಳಿರಲಿಲ್ಲ.

ಅಶೋಕಪುರಂನ ಎರಡು ಕೋಣೆಯ ಮನೆ ನಮ್ಮದು. ನಾನು ಮತ್ತು ಅವ್ವ, ಇಬ್ಬರೇ. ಅಪ್ಪ ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಅಂಗನವಾಡಿಯಲ್ಲಿ ಸಹಾಯಕಿ. ಬೆಳಿಗ್ಗೆ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಬಡಿಸುವುದು, ಮಧ್ಯಾಹ್ನ ಅವುಗಳನ್ನು ಹಾಡಿ ಮಲಗಿಸುವುದು ಅವಳ ಕೆಲಸ. ಏಪ್ರಿಲ್‌ನಲ್ಲಿ ಜಯಂತಿಗೆಂದು ನಮ್ಮ ಬೀದಿಯಲ್ಲಿ ಮೈಕ್ ಕಟ್ಟಿದರೆ ಮೊದಲ ಹಾಡು ಅವಳದೇ. ನನ್ನ ಗಂಟಲು ಅವಳಿಂದ ಬಂದದ್ದು. ಯಾರೇ ಹಾಡಲಿ, ಅವ್ವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ಹಾಡಿನ ಮಧ್ಯೆ ಕಣ್ಣು ಬಿಟ್ಟಳೆಂದರೆ ಹಾಡಿದವರು ಎಲ್ಲೋ ತಪ್ಪಿದ್ದಾರೆ ಎಂದೇ ಅರ್ಥ. ಅವಳು ಕಣ್ಣು ಬಿಡದ ಹಾಗೆ ಹಾಡಿ ಮುಗಿಸುವುದು ಚಿಕ್ಕಂದಿನಿಂದ ನನ್ನ ಪಂದ್ಯ.

ಜಯಲಕ್ಷ್ಮಿಪುರಂ ಕಡೆಯ ಒಂದು ಕಾಲೇಜಿನಲ್ಲಿ ಡಿಗ್ರಿಗೆ ಸೇರಿದ್ದೆ. ಎರಡನೇ ವರ್ಷದಲ್ಲಿ ಇಂಗ್ಲಿಷ್ ವಿಭಾಗದವರು ಒಂದು ಸಂಗೀತ ನಾಟಕ ಮಾಡಿಸಲು ಹೊರಟರು. ಅಮೆರಿಕದ ಹೈಸ್ಕೂಲ್ ಹುಡುಗ ಹುಡುಗಿಯರು ಹಾಡುವ, ಕುಣಿಯುವ, ಮುನಿಸಿಕೊಂಡು ಮತ್ತೆ ಒಂದಾಗುವ ಕಥೆ. ನನ್ನ ಕ್ಲಾಸಿನ ಅರ್ಧ ಜನಕ್ಕೆ ಅದು ಚಿಕ್ಕಂದಿನಿಂದ ಬಾಯಿಪಾಠ. ನಾನು ಅದರ ಹೆಸರನ್ನೇ ಕೇಳಿರಲಿಲ್ಲ. ಗೊತ್ತಿದ್ದವಳ ಹಾಗೆ ತಲೆಯಾಡಿಸಿ ಆಯ್ಕೆಗೆ ಹೋದೆ. ಮೇಡಂ ಪಿಯಾನೋದಂಥ ಕೀಬೋರ್ಡಿನಲ್ಲಿ ಒಂದು ಸಾಲು ನುಡಿಸಿ, ಮಾತಿಲ್ಲದೆ ಬರೀ ರಾಗ ಹಾಡು ಅಂದರು. ಹಾಡಿದೆ. ಅವರು ಕೀಬೋರ್ಡಿನಿಂದ ಕೈ ತೆಗೆದು, “ಎಲ್ಲಿದ್ದೆ ಇಷ್ಟು ದಿನ?” ಅಂದರು. ಆ ಮಾತನ್ನು ಬಸ್ಸಿನಲ್ಲಿ ಮನೆಯವರೆಗೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ.

ಅವ್ವನಿಗೆ ಹೇಳಿದಾಗ ಅವಳು ಒಲೆ ಆರಿಸಿ ನನ್ನ ಮುಂದೆ ಬಂದು ನಿಂತಳು. “ಇಂಗ್ಲಿಷ್‌ನಲ್ಲಿ ಆಡ್ತೀಯಾ? ಎಲ್ಲಾರ್ ಮುಂದೇನಾ?”

“ಊಂ ಕಣವ್ವ. ಅನ್ನೆರಡು ಜನ ಒಟ್ಟಿಗೆ.”

“ಒಟ್ಟಿಗೇ ಆದ್ರೇನಂತೆ? ನಿನ್ ದನಿ ನಂಗೆ ಬ್ಯಾರೆಯಾಗೇ ಕೇಳುಸ್ತದೆ ಬುಡು.”

ಮಾರನೆಯ ದಿನ ಸಂಜೆಯೊಳಗೆ ಇಡೀ ಬೀದಿಗೆ ಸುದ್ದಿ ಹಬ್ಬಿತ್ತು. ಕುಕ್ಕರ್ ಕೂಗಿದರೂ ಅಕ್ಕಪಕ್ಕದವರಿಗೆ ತಿಳಿಯುವ ಬೀದಿ ನಮ್ಮದು, ಇದು ತಿಳಿಯದೆ ಇರುತ್ತದೆಯೇ?

ರಿಹರ್ಸಲ್ ಶುರುವಾದ ಮೇಲೆ ಮಾತು ಬಂತು, ಮಾತಿನ ಜೊತೆ ತೊಂದರೆಯೂ ಬಂತು. ಆ ಹಾಡುಗಳನ್ನು ಬರೆದವರಿಗೆ ಹ ಮೇಲೆ ಅದೇನು ವ್ಯಾಮೋಹವೋ, ಸಾಲಿಗೆ ಎರಡು ಹಾರ್ಟ್, ಮೂರು ಹೋಲ್ಡ್. ನನ್ನ ಬಾಯಲ್ಲಿ ಹಾರ್ಟ್ ಆರ್ಟ್ ಆಗುತ್ತಿತ್ತು. ಹೋಲ್ಡ್ ಓಲ್ಡ್ ಆಗಿ, ಕೈ ಹಿಡಿದುಕೋ ಎಂದು ಹಾಡಬೇಕಾದ ಕಡೆ ಕೈಗೇ ವಯಸ್ಸಾಗಿಹೋಗುತ್ತಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದ ಹುಡುಗಿ ಕಾನ್ವೆಂಟಿನಲ್ಲಿ ಓದಿದವಳು. ಮೊದಲ ಸಲ ಕೇಳಿ ಕಿಸಕ್ಕನೆ ನಕ್ಕು, “ಸೋ ಕ್ಯೂಟ್!” ಅಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ಮೈಯೆಲ್ಲ ಉರಿದುಹೋಯಿತು. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಊಟದ ಬಿಡುವಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದರೆ ನಾನು ವೇದಿಕೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚುತ್ತಿದ್ದೆ. ಫ್ರಿಜ್ಜಿನ ರಟ್ಟಿನ ಡಬ್ಬಗಳಿಗೆ ನೀಲಿ ಬಣ್ಣ ಬಳಿದು ಅಮೆರಿಕದ ಶಾಲೆಯ ಬೀರುಗಳನ್ನು ಮಾಡಿ ಅಲ್ಲೇ ಒಣಗಲು ನಿಲ್ಲಿಸಿದ್ದರು. ಚಿತ್ರಾನ್ನದ ತುಂಬ ಪೇಂಟಿನ ವಾಸನೆ. ಒಬ್ಬಳೇ ಉಣ್ಣುವುದು ಅಷ್ಟು ಕಷ್ಟವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಿಡುವವಳಲ್ಲ ನಾನು. ಮನೆಯಲ್ಲಿ ಸ್ಟೀಲ್ ಲೋಟ ಹಿಡಿದು ಅಭ್ಯಾಸಕ್ಕೆ ಕುಳಿತೆ. ಲೋಟವನ್ನು ಬಾಯಿಯ ಹತ್ತಿರ ತಂದು ‘ಹಾ’ ಅಂದರೆ ಮಬ್ಬು ಕಟ್ಟುತ್ತದೆ, ‘ಆ’ ಅಂದರೆ ಕಟ್ಟುವುದಿಲ್ಲ. ಒಂದು ದಿನ ಅವ್ವ ಬಾಗಿಲಲ್ಲಿ ನಿಂತು ನೋಡಿ, “ಅದ್ಯಾಕ್ ಮಗಾ ಲೋಟಕ್ಕೆ ಉಸ್ರು ಬುಡ್ತಾ ಕೂತಿದ್ದೀ? ಉಣ್ಸೆಣ್ಣಾಕಿ ಉಜ್ಜುದ್ರೆ ಒಳೀತದೆ,” ಅಂದಳು.

“ಒಳೀತದೆ ಅಲ್ಲವ್ವ, ಹೊಳೆಯುತ್ತೆ. ಹೊ.”

ಅದು ಮೊದಲನೆಯದು. ಆಮೇಲೆ ನನಗೇ ತಡೆಯಲಾಗಲಿಲ್ಲ. ಆಲು ಅಲ್ಲ ಹಾಲು, ಏಳು ಅಲ್ಲ ಹೇಳು, ಇತ್ಲು ಅಲ್ಲ ಹಿತ್ತಿಲು. ಕಾಲೇಜಿನಲ್ಲಿ ತಿದ್ದಿಸಿಕೊಂಡದ್ದನ್ನೆಲ್ಲ ಮನೆಗೆ ತಂದು ಅವಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅದರ ಬದಲು ಅವಳೇ ಕಲಿಯಲು ಹೊರಟಳು. ಮಾತಾಡುವ ಮುಂಚೆ ಒಂದು ಗಳಿಗೆ ನಿಂತು, ಎಲ್ಲಿ ಬೇಕೋ ಎಲ್ಲಿ ಬೇಡವೋ ತಿಳಿಯದೆ ಹ ಹಾಕಿ ಮಾತಾಡತೊಡಗಿದಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಆತುರದಲ್ಲಿ, “ಮಗಾ, ದೋಸೆಗೆ ಹಕ್ಕಿ ನೆನೆಹಾಕಿದೀನಿ, ಸಂಜೆ ರುಬ್ಬಿಡು,” ಅಂದಳು.

ಅಕ್ಕಿ ಹಕ್ಕಿಯಾಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ರೆಕ್ಕೆ ಸಮೇತ ರುಬ್ಬಲಾ ಅವ್ವ?” ಎಂದು ಬೇರೆ ಕೇಳಿದೆ. ಅವಳೂ ನಕ್ಕಳು, ಆದರೆ ನನಗಿಂತ ಬೇಗ ನಿಲ್ಲಿಸಿದಳು. ಆಮೇಲೆ ಮನೆಯಲ್ಲಿ ಮಾತೇ ಕಡಿಮೆಯಾಯಿತು. ಹ ಇರುವ ಮಾತುಗಳನ್ನೇ ತಪ್ಪಿಸಿ ಮಾತಾಡುತ್ತಿದ್ದಾಳೆ ಎಂದು ಕೆಲವು ದಿನದ ಮೇಲೆ ನನಗೆ ಹೊಳೆಯಿತು. ಹಾಲನ್ನು ತೋರಿಸಿ “ಇದು ಕುಡಿ” ಅನ್ನುತ್ತಿದ್ದಳು. ಪಾತ್ರೆ ತೊಳೆಯುತ್ತಾ ಹಾಡುವುದನ್ನೂ ಬಿಟ್ಟಿದ್ದಳು. ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. ನಾಟಕ ಮುಗಿದುಬಿಡಲಿ, ಎಲ್ಲ ಸರಿಹೋಗುತ್ತದೆ ಅಂದುಕೊಂಡೆ.

ಪ್ರದರ್ಶನಕ್ಕೆ ಮೂರು ದಿನ ಇರುವಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಅಷ್ಟು ಹೊತ್ತಿಗೆ ನನ್ನ ಹ ಬಂದಿತ್ತು. ಬಂದದ್ದು ಹೋಗುತ್ತಲೇ ಇರಲಿಲ್ಲ, ಅವ್ವನ ಹಕ್ಕಿಯದೇ ಕಥೆ. ಓಪನ್ ಅನ್ನುವುದು ಹೋಪನ್ ಆಗಿ, ಆಲ್ವೇಸ್ ಹಾಲ್ವೇಸ್ ಆಗಿ ಕೂತಿತ್ತು. ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು. “ಬೇಜಾರ್ ಮಾಡ್ಕೋಬೇಡಮ್ಮಾ. ನಿನ್ನ ವಾಯ್ಸ್ ತುಂಬಾ ಚೆನ್ನಾಗಿದೆ, ಅದೇ ಪ್ರಾಬ್ಲಂ. ಹನ್ನೆರಡು ಜನರಲ್ಲಿ ನಿಂದೇ ಎದ್ದು ಕೇಳುತ್ತೆ. ಸ್ಟೇಜ್ ಮೇಲೆ ನೀನು ಲಿಪ್ಸ್ ಮೂವ್ ಮಾಡು, ಸಾಕು. ಡ್ಯಾನ್ಸ್ ಎಲ್ಲಾ ಹಾಗೇ ಇರಲಿ.”

ಒರಟಾಗಿ ಹೇಳಿದ್ದರೆ ಜಗಳವಾಡಿ ಹೊರಗೆ ಬಂದಿರುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದವರ ಮುಂದೆ ಏನು ಮಾಡುವುದು? “ಸರಿ ಮೇಡಂ,” ಅಂದೆ. ಧ್ವನಿ ಸಣ್ಣದಿದ್ದಿದ್ದರೆ ತಪ್ಪುಗಳೂ ಯಾರಿಗೂ ಕೇಳಿಸದೆ ಹಾಡಿಕೊಂಡಿರಬಹುದಿತ್ತು. ನನ್ನಲ್ಲಿ ಚೆನ್ನಾಗಿದ್ದದ್ದೇ ನನ್ನನ್ನು ಹಿಡಿದುಕೊಟ್ಟಿತ್ತು.

ಮನೆಗೆ ಬಂದರೆ ಅವ್ವ ಮದುವೆಗಳಿಗಷ್ಟೇ ಉಡುವ ಹಸಿರು ಸೀರೆಯನ್ನು ಇಸ್ತ್ರಿ ಮಾಡಿಸಿ ತಂದು ಗೂಟಕ್ಕೆ ಹಾಕಿದ್ದಳು. ಅಂಗನವಾಡಿಯಲ್ಲಿ ಅರ್ಧ ದಿನ ರಜೆ ಕೇಳಿದ್ದಳು. ನಾನು ಕೊಟ್ಟಿದ್ದ ಹಳದಿ ಪಾಸನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಳು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಏನೆಂದು ಹೇಳಲಿ? ನಾವು ಮಾತಾಡುವ ರೀತಿಗೆ ನನ್ನ ಬಾಯಿ ಮುಚ್ಚಿಸಿದರು ಅನ್ನಲೇ? ಒಂದು ತಿಂಗಳಿಂದ ಅವಳ ಬಾಯಿ ಮುಚ್ಚಿಸಿದ್ದು ನಾನೇ. ಸೀರೆ ಚೆನ್ನಾಗಿದೆ ಎಂದಷ್ಟೇ ಹೇಳಿ ಒಳಗೆ ಹೋದೆ.

ಪ್ರದರ್ಶನ ಮಧ್ಯಾಹ್ನ ಮೂರು ಗಂಟೆಗೆ. ಕೆಂಪು ಬಿಳಿ ಜಾಕೆಟ್ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆ. ಪರದೆ ಸರಿದಾಗ ಅವ್ವ ತಕ್ಷಣ ಕಂಡಳು. ಜೀನ್ಸು ಚೂಡಿದಾರಗಳ ನಡುವೆ ಆ ಹಸಿರು ಸೀರೆ ಕಾಣದೆ ಇರುವ ಹಾಗೇ ಇರಲಿಲ್ಲ. ಮೂರನೇ ಸಾಲಿನ ತುದಿಯಲ್ಲಿ, ಎರಡೂ ಕೈಯಲ್ಲಿ ಪಾಸು ಹಿಡಿದು, ಬೆನ್ನು ಊರದೆ ಕುಳಿತಿದ್ದಳು. ಮೊದಲ ಹಾಡು ಶುರುವಾಯಿತು. ಅವ್ವ ಕಣ್ಣು ಮುಚ್ಚಿದಳು.

ನಾನು ತುಟಿ ಆಡಿಸಿದೆ. ಎಲ್ಲರಿಗಿಂತ ಚೆನ್ನಾಗಿ ಆಡಿಸಿದೆ, ಉಸಿರು ತೆಗೆದುಕೊಳ್ಳುವ ಕಡೆ ತೆಗೆದುಕೊಂಡೆ, ಎತ್ತರದ ಸ್ವರಕ್ಕೆ ಹುಬ್ಬೆತ್ತಿದೆ. ಅಕ್ಕಪಕ್ಕದವರ ಧ್ವನಿ ಎರಡೂ ಕಿವಿಗೆ ಬಡಿಯುತ್ತಿತ್ತು, ಮಧ್ಯದಲ್ಲಿ ನಾನಿರಬೇಕಾದ ಜಾಗ ಖಾಲಿಯಿತ್ತು. ಅಷ್ಟು ಜನರ ಮಧ್ಯೆ ಅಷ್ಟು ಒಂಟಿಯಾಗಿ ನಾನು ಮತ್ತೆಂದೂ ನಿಂತಿಲ್ಲ. ಕೆಳಗೆ ಅವ್ವ ಮುಖವನ್ನು ಸ್ವಲ್ಪ ಓರೆ ಮಾಡಿ ಹುಡುಕುತ್ತಿದ್ದಳು. ಸಂತೆಯಲ್ಲಿ ಕೈಬಿಟ್ಟುಹೋದ ಮಗುವನ್ನು ಹುಡುಕುವವರ ಮುಖ ಹಾಗಿರುತ್ತದೆ. ಎರಡನೇ ಹಾಡಿನ ಅರ್ಧದಲ್ಲಿ ಕಣ್ಣು ಬಿಟ್ಟಳು. ಬಿಟ್ಟ ಕಣ್ಣು ಕೊನೆಯವರೆಗೂ ಮುಚ್ಚಲಿಲ್ಲ, ನನ್ನ ಮೇಲಿಂದ ತೆಗೆಯಲೂ ಇಲ್ಲ.

ಕೊನೆಯ ಹಾಡಿಗೆ ಹಾಡಿಬಿಡೋಣ ಅನ್ನಿಸಿತು. ಆಗುವುದಾಗಲಿ, ಆರ್ಟೋ ಹಾರ್ಟೋ, ನನ್ನವ್ವ ಕೇಳಲಿ. ಎದೆ ತುಂಬ ಉಸಿರೂ ಎಳೆದುಕೊಂಡೆ. ಅಷ್ಟರಲ್ಲಿ ಯಾವ ಮಾತಿಗೆ ಹ ಇದೆ, ಯಾವುದಕ್ಕೆ ಇಲ್ಲ ಎನ್ನುವುದೇ ಮರೆತುಹೋಯಿತು. ಹಾಡು ಮುಗಿದು ಜನ ಎದ್ದು ಚಪ್ಪಾಳೆ ತಟ್ಟಿದರು. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟೆ.

ಹೊರಗೆ ಅವ್ವ ಗೇಟಿನ ಹತ್ತಿರ ಕಾಯುತ್ತಿದ್ದಳು. ಇನ್ನೂ ಬಿಸಿಲಿತ್ತು. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಶೋಕಪುರಂ ಬಸ್ ಹತ್ತಿದೆವು. ಹತ್ತಿ ಕುಳಿತ ಮೇಲೆ, ನನ್ನ ಕೆನ್ನೆಯ ಮೇಲೆ ಉಳಿದಿದ್ದ ಬಣ್ಣವನ್ನು ಸೆರಗಿನ ತುದಿಯಿಂದ ಒರೆಸುತ್ತಾ ಹೇಳಿದಳು. “ಚೆನ್ನಾಗ್ ಆಡ್ದೆ ಕಣವ್ವ.”

ನಾನು ಅವಳ ಮುಖ ನೋಡಿದೆ. ಅವಳು ಒರೆಸುವುದರಲ್ಲೇ ಇದ್ದಳು.

ಹಾಡಿದೆ ಅಂದಳೇ, ಆಡಿದೆ ಅಂದಳೇ? ಒಂದು ತಿಂಗಳ ಹಿಂದಾಗಿದ್ದರೆ ಯೋಚಿಸುವ ಮಾತೇ ಇರಲಿಲ್ಲ. ಆದರೆ ಆ ತಿಂಗಳಲ್ಲಿ ಅವ್ವ ಹ ಬೇಡದ ಕಡೆಗೂ ಹ ಹಾಕುತ್ತಿದ್ದಳು, ಇಲ್ಲವೇ ಆ ಮಾತನ್ನೇ ಬಿಟ್ಟುಬಿಡುತ್ತಿದ್ದಳು. ನಾನು ಹಾಡಿದ್ದೇನೆಂದು ನಂಬಿ, ಸಂತೋಷದಲ್ಲಿ ಹ ಮರೆತು ಹಳೆಯ ಮಾತಿಗೆ ಬಂದಳೇ? ಅಥವಾ ಎಲ್ಲ ತಿಳಿದುಕೊಂಡು, ನಾಟಕ ಆಡಿದ್ದಕ್ಕೆ ಆಡಿದೆ ಎಂದು ಸರಿಯಾದ ಅಕ್ಷರವನ್ನೇ ಹಾಕಿದಳೇ? ಚಿಕ್ಕಂದಿನಲ್ಲಿ ಸ್ಕೂಲು ತಪ್ಪಿಸಲು ಹೊಟ್ಟೆನೋವು ಅಂದರೆ, “ನಾಟ್ಕ ಆಡ್ಬೇಡ” ಎಂದು ಗದರಿಸುತ್ತಿದ್ದವಳು ಅವಳೇ.

ಕೇಳಬಹುದಿತ್ತು. ಪಕ್ಕದಲ್ಲೇ, ಹೆಗಲಿಗೆ ಹೆಗಲು ತಾಗಿಸಿಕೊಂಡು ಕುಳಿತಿದ್ದಳು. ಆದರೆ ಹೇಗೆ ಕೇಳಲಿ? “ಹಾಡಿದೆ ಅಂದ್ಯಾ, ಆಡಿದೆ ಅಂದ್ಯಾ” ಎಂದು ನನ್ನ ಬಾಯಿಂದ ಬಂದರೆ ಅದು ಅವಳ ಕಿವಿಗೆ ಇನ್ನೊಂದು ತಿದ್ದುಪಡಿಯಾಗಿಯೇ ಕೇಳಿಸುತ್ತಿತ್ತು. ಆ ಪ್ರಶ್ನೆ ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. “ಊಂ ಅವ್ವ,” ಅಂದು ಕಿಟಕಿಯ ಕಡೆ ತಿರುಗಿದೆ.

ಅವತ್ತಿನಿಂದ ಅವಳ ಒಂದು ಮಾತನ್ನೂ ತಿದ್ದಲಿಲ್ಲ. ನಿಧಾನವಾಗಿ ಅವಳ ಆಲು, ಊವು ಎಲ್ಲ ವಾಪಸ್ ಬಂದವು. ಪಾತ್ರೆ ತೊಳೆಯುವಾಗಿನ ಹಾಡೂ ಬಂತು. ನಾನು ಹಾಡುವುದನ್ನು ಬಿಟ್ಟೆ. ಯಾಕೆಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದದ್ದೇ ಉತ್ತರ ಎಂದು ಕೆಲವು ದಿನ ಅನ್ನಿಸುತ್ತದೆ. ಅವ್ವ ಹೋಗಿ ಎರಡು ವರ್ಷವಾಯಿತು.

ಈಗ ನಾನು ಕಂಪನಿಯೊಂದರಲ್ಲಿ ದಿನವಿಡೀ ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತೇನೆ. ಹಲೋ ಎಂದು ಶುರು ಮಾಡುತ್ತೇನೆ. ಹ ಎಲ್ಲಿ ಬರಬೇಕೋ ಅಲ್ಲೇ ಬರುತ್ತದೆ, ನನ್ನ ಉಚ್ಚಾರಣೆಯನ್ನು ಹೊಸಬರಿಗೆ ಕೇಳಿಸುತ್ತಾರೆ. ಸಂಜೆ ಮನೆಗೆ ಬಂದು ಬೀಗ ತೆಗೆದು, ಒಲೆಯ ಮೇಲೆ ಹಾಲಿಡುತ್ತೇನೆ. ಅದು ಉಕ್ಕಿ ಬರುವಾಗ ಹಿಂದಿನಿಂದ “ಆಲು, ಮಗಾ, ಆಲು” ಎಂದು ಕೂಗುವವರು ಯಾರೂ ಇಲ್ಲ.