ಪೂಜೆಯ ದಿನದ ಮಾತ್ರೆ

ಹೋದ ವರ್ಷ ಗ್ರೀನ್‌ಫರ್ಡ್‌ನ ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ನಾನು ಮೂತ್ರಕ್ಕೆಂದು ಮೂರು ಸಲ ಮಣೆಯಿಂದ ಎದ್ದಿದ್ದೆ. ಎದ್ದಾಗಲೆಲ್ಲ ಕಾಲು ತೊಳೆದು, ಬೇರೆ ಮಡಿಪಂಚೆ ಉಟ್ಟು ಬರಬೇಕು. ಅಷ್ಟು ಹೊತ್ತೂ ಪುರೋಹಿತರು ಮಂತ್ರ ನಿಲ್ಲಿಸಿ ಗೋಡೆ ಗಡಿಯಾರ ನೋಡುತ್ತಿದ್ದರು. ಮೂರನೆಯ ಸಲ ಪಂಚೆಗಳೇ ಮುಗಿದು, ಹೆಂಡತಿಯ ಹಳೆಯ ರೇಷ್ಮೆ ಸೀರೆ ಸುತ್ತಿಕೊಂಡು ಬಂದು ಕೂತೆ. ಬಂದವರು ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಾಗಿತ್ತು.

ಈ ವರ್ಷ ಒಂದು ಸಲವೂ ಏಳಬಾರದು ಎಂದು ಹಟ ತೊಟ್ಟೆ. ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿದೆ, ಕ್ಯಾನ್ಸರ್ ಅಲ್ಲ ಎಂದು ಇಲ್ಲಿನವರು ಜಿಪಿ ಎನ್ನುವ ನಮ್ಮ ಕುಟುಂಬದ ಡಾಕ್ಟರು ಹೇಳಿ, ದಿನಕ್ಕೊಂದು ಟ್ಯಾಮ್ಸುಲೋಸಿನ್ ಮಾತ್ರೆ ಬರೆದುಕೊಟ್ಟಿದ್ದರು. ಬೆಳಗಿನ ತಿಂಡಿಯ ನಂತರವೇ ನುಂಗಬೇಕು. ಬಿಪಿ ಮಾತ್ರೆ ಎಂದು ಹೆಂಡತಿಗೆ ಸುಳ್ಳು ಹೇಳಿದೆ. ಮೂವತ್ತು ವರ್ಷ ಸಂಸಾರ ಮಾಡಿದವಳ ಮುಂದೆ ಎಂಥ ನಾಚಿಕೆಯೋ, ನನಗೇ ಗೊತ್ತಿಲ್ಲ. ಎರಡು ತಿಂಗಳಲ್ಲಿ ಬಚ್ಚಲಿಗೆ ಓಡಾಟ ಕಡಿಮೆಯಾಯಿತು. ಬಚ್ಚಿಡುವ ಸುಸ್ತು ಮಾತ್ರ ಹೆಚ್ಚಿತು.

ಪೂಜೆಯ ದಿನ ಇಬ್ಬರಿಗೂ ಉಪವಾಸ. ತಿಂಡಿಯಿಲ್ಲ, ಆದರೆ ಮಾತ್ರೆ ಬಿಟ್ಟರೆ ಮತ್ತೆ ಮಾನ ಹೋದೀತು ಎಂಬ ದಿಗಿಲು. ಖಾಲಿ ಹೊಟ್ಟೆಯಲ್ಲೇ ನುಂಗಿದೆ. ಐದು ಅಧ್ಯಾಯದ ಕಥೆ ಮುಗಿಯುವವರೆಗೆ ಅಲ್ಲಾಡದೆ ಕೂತೆ. ಗೆದ್ದೆ ಅನ್ನಿಸಿತು. ದೇವರ ಮುಂದೆ ಉದ್ದಕ್ಕೆ ಬಿದ್ದು ನಮಸ್ಕಾರ ಹಾಕಿ ಸರಕ್ಕನೆ ಎದ್ದೆ. ಕಣ್ಣು ಕತ್ತಲೆ ಕಟ್ಟಿತು.

ಎಚ್ಚರವಾದಾಗ ಜಮಖಾನದ ಮೇಲೆ ಮಲಗಿದ್ದೆ, ಕಾಲ ಕೆಳಗೆ ಸೋಫಾದ ದಿಂಬುಗಳಿದ್ದವು. ಹತ್ತಿರದ ಸ್ಟ್ಯಾನ್ಮೋರ್‌ನಿಂದ ಪೂಜೆಗೆ ಬಂದಿದ್ದ ಧಾರವಾಡ ಮೂಲದ ಡಾಕ್ಟರು ನಾಡಿ ಹಿಡಿದು ಕೇಳಿದರು: “ಸರ, ದಿನಾ ಯಾವ ಗುಳಿಗಿ ತಗೋತೀರಿ?”

ಕೋಣೆ ತುಂಬ ಜನ ನನ್ನನ್ನೇ ನೋಡುತ್ತಿದ್ದರು. “ಬಿಪಿದು,” ಎಂದೆ.

“ಬಿಪಿದಲ್ಲ ಡಾಕ್ಟ್ರೇ, ಟ್ಯಾಮ್ಸುಲೋಸಿನ್,” ಎಂದಳು ತಲೆಯ ಬಳಿ ಕೂತಿದ್ದ ಹೆಂಡತಿ. “ಮಾತ್ರೆ ಡಬ್ಬದೊಳಗಿನ ಚೀಟಿ ಮೊದಲನೇ ದಿನಾನೇ ಓದಿದ್ದೆ. ಇವರೇ ಹೇಳ್ಲಿ ಅಂತ ಕಾಯ್ತಾ ಇದ್ದೆ.”

“ಖಾಲಿ ಹೊಟ್ಟಿಲೆ ತಗೊಂಡು ಒಮ್ಮೆಲೇ ಎದ್ರ ಬಿಪಿ ಇಳೀತದರಿ,” ಎಂದು ಡಾಕ್ಟರು ನನ್ನ ಕೈ ಕೆಳಗಿಟ್ಟರು.

“ರೀ, ಮುಂದಿನ ವರ್ಷ ಉಪ್ಪಿಟ್ಟು ತಿಂದು, ಮಾತ್ರೆ ತಗೊಂಡು ಕೂತ್ಕೊಳ್ಳಿ. ಉಪವಾಸ ನಾನೊಬ್ಬಳೇ ಮಾಡ್ತೀನಿ,” ಎನ್ನುತ್ತ ಹೆಂಡತಿ ಸಜ್ಜಿಗೆ ಪ್ರಸಾದ ನನ್ನ ಬಾಯಿಗಿಟ್ಟಳು. ಆಮೇಲೆ ಕಿವಿಯ ಬಳಿ ಬಗ್ಗಿ, “ಕ್ಯಾನ್ಸರ್ ಅಲ್ಲ ತಾನೇ?” ಎಂದು ಮೆಲ್ಲಗೆ ಕೇಳಿದಳು. ಎರಡು ತಿಂಗಳು ನಾನೊಬ್ಬನೇ ಹೆದರಿಕೊಂಡಿದ್ದೇನೆ ಅಂದುಕೊಂಡಿದ್ದೆ.