ನಾಕ್ಸೋಸ್‌ನಲ್ಲಿ ಬಿಟ್ಟ ಚಪ್ಪಲಿ

ನಾಕ್ಸೋಸ್ ದ್ವೀಪದ ಆ ಪುಟ್ಟ ಚರ್ಚಿನೊಳಗೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಸುಣ್ಣದ ಗೋಡೆಯ ಮೇಲೆ ಸಮುದ್ರದ ಬೆಳಕು ಅಲುಗುತ್ತಿತ್ತು. ಕಲ್ಲುನೆಲದ ತಂಪು ಬರಿಗಾಲಿನಿಂದ ಮೇಲೇರಿ ನಿದ್ದೆಯಂತೆ ಹರಡುತ್ತಿತ್ತು. ಅಥೆನ್ಸಿನ ಕಡೆಗೆ ಹೋಗುವ ಕೊನೆಯ ಹಡಗು ಕೂಗಿದಾಗಲೇ ಎಚ್ಚರವಾದದ್ದು. ಅದು ತಪ್ಪಿದರೆ ನಾಳೆ ಬೆಂಗಳೂರಿಗೆ ಹೊರಡುವ ವಿಮಾನವೂ ತಪ್ಪುತ್ತಿತ್ತು.

ಹೊರಗೆ, ಚರ್ಚು ಗುಡಿಸುವ ಅಜ್ಜಿ ನನ್ನ ಒಂದು ಚಪ್ಪಲಿ ಹಿಡಿದು ಇನ್ನೊಂದಕ್ಕಾಗಿ ಮೆಟ್ಟಿಲ ಸುತ್ತ ಹುಡುಕುತ್ತಿದ್ದರು. ತಮ್ಮ ಊರಿನಲ್ಲೇ ಕಳವಾಯಿತೆಂದು ಅವರ ಮುಖ ಸಣ್ಣದಾಗಿತ್ತು.

ಕಳವಾಗಿರಲಿಲ್ಲ. ಕಾಡುಗೋಡಿಯ ದೇವಸ್ಥಾನದಲ್ಲಿ ಮಾಡುವಂತೆ, ಯಾರೂ ಜೋಡಿ ಎತ್ತಿಕೊಂಡು ಹೋಗದಿರಲೆಂದು, ಒಂದನ್ನು ಬಾಗಿಲ ಬಳಿ ಬಿಟ್ಟು ಇನ್ನೊಂದನ್ನು ಹೂಕುಂಡದ ಹಿಂದೆ ಇಟ್ಟಿದ್ದೆ. ಕುಂಡದಲ್ಲಿದ್ದದ್ದು ತುಳಸಿಯ ವಾಸನೆಯ ಗಿಡ.

"ಇಲ್ಲೂ ಬೇರೆ ಬೇರೆ ಬಿಟ್ಯಾ? ನಿನ್ನ ಹಳೇ ಚಪ್ಪಲೀನ ಇಲ್ಲಿ ಯಾರೇ ಕದೀತಾರೆ?" ಕೆಳಗಿನಿಂದ ಗೆಳತಿ ಶೈಲಜಾ ಕೂಗಿದಳು. "ಎತ್ಕೊಂಡು ಬಾರೇ, ಹಡಗು ಹೋಗ್ಬಿಡತ್ತೆ!"

ಕುಂಡ ಪಕ್ಕದಲ್ಲೇ ಇತ್ತು. ಆದರೆ ನಾನೇ ತೆಗೆದರೆ, ಬಚ್ಚಿಟ್ಟದ್ದು ಅಜ್ಜಿಗೆ ತಿಳಿಯುತ್ತಿತ್ತು, ಯಾಕೆಂಬುದೂ. ಕುಂಡವನ್ನು ಅವರಿಗೇ ಬಿಟ್ಟು ನಾನೂ ಮೆಟ್ಟಿಲ ಬಳಿ ಹುಡುಕತೊಡಗಿದೆ.

ಹಡಗು ಮತ್ತೆ ಕೂಗಿತು. ಅಜ್ಜಿ ಕೊನೆಗೂ ಕುಂಡ ಸರಿಸಿದರು. ಸಂತೋಷದಿಂದ ಏನೋ ಕೂಗಿ ಚಪ್ಪಲಿಯನ್ನು ಮೇಲೆತ್ತಿ ತೋರಿಸಿದರು. ಉಡುಪಿನ ಅಂಚಿನಿಂದ ಧೂಳೊರಸಿ, ಎರಡನ್ನೂ ಜೋಡಿಸಿ, ಸಮುದ್ರದ ಕಡೆಗೆ ತಿರುಗಿಸಿ ನನ್ನ ಕಾಲ ಬಳಿ ಇಟ್ಟರು.

ಓಡಿ ಹೋಗಿ ಹಡಗು ಹಿಡಿದೆವು. ಒಂದು ಚಪ್ಪಲಿಯಿಂದ ಇನ್ನೂ ತುಳಸಿಯ ವಾಸನೆ ಬರುತ್ತಿದೆ.